ಶರಾವತಿ ಕಣಿವೆಯನ್ನು ಮತ್ತೆ ಅಗೆಯಬೇಡಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ, ಮಾನ್ಯ ಇಂಧನ ಸಚಿವರೇ,

ನಮಸ್ಕಾರ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರಾಜ್ಯ ಸರ್ಕಾರ ತಾನಾಗಿಯೇ ಕೈಬಿಡಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ. ನನ್ನ ಅಮ್ಮನ ತವರೂರು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಹಾಗಂತ ಕರೆಂಟೇ ಬೇಡ ಎನ್ನುವವನಲ್ಲ ನಾನು. ತೋಟದ ಪಂಪ್‌ಸೆಟ್ಟಿಗೆ ಕರೆಂಟು ಬೇಕು, ಮಕ್ಕಳ ಓದಿಗೆ ಬೇಕು, ಬೆಂಗಳೂರಿನಲ್ಲಿ ದುಡಿಯುತ್ತಿರುವ ನಮ್ಮದೇ ಊರಿನ ಹುಡುಗರಿಗೂ ಬೇಕು. ಆದರೆ ಅದಕ್ಕಾಗಿ ಈ ಕಣಿವೆಯನ್ನು ಇನ್ನೊಂದು ಸಲ ಒಡೆಯುವುದು ತಪ್ಪು. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಯೋಜನೆ ಏನೆಂದು ನಿಮಗೆ ಗೊತ್ತು. ಈ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ಘಟ್ಟದ ಮೇಲೆ ತಲಕಳಲೆ ಜಲಾಶಯ ಇದೆ. ಘಟ್ಟದ ಕೆಳಗೆ ಗೇರುಸೊಪ್ಪೆ ಜಲಾಶಯ ಇದೆ. ಎರಡರ ನಡುವೆ 450 ಮೀಟರ್‌ಗಿಂತ ಜಾಸ್ತಿ ಎತ್ತರದ ವ್ಯತ್ಯಾಸ. ಬಿಸಿಲಿನ ಹೊತ್ತಿನಲ್ಲಿ ಸೋಲಾರ್ ಕರೆಂಟು ಹೆಚ್ಚಾಗಿ ಸಿಗುತ್ತದೆ. ಆ ಕರೆಂಟಿನಿಂದ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಸಂಜೆ ಎಲ್ಲರೂ ಮನೆಗೆ ಬಂದು ಸ್ವಿಚ್ ಹಾಕುವ ಹೊತ್ತಿಗೆ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. 250 ಮೆಗಾವಾಟಿನ 8 ಯಂತ್ರ, ಒಟ್ಟು 2000 ಮೆಗಾವಾಟ್. ಖರ್ಚು 8 ಸಾವಿರ ಕೋಟಿ ರೂಪಾಯಿ ದಾಟುತ್ತದೆ. ವಿದ್ಯುದಾಗಾರ ನೆಲದೊಳಗೆ, ನೀರು ಹೋಗುವ ದಾರಿಯೂ ನೆಲದೊಳಗೆ. ಸುಮಾರು 54 ಹೆಕ್ಟೇರ್ ಅರಣ್ಯ ಭೂಮಿ ಬೇಕು, ಸಾವಿರಾರು ಮರ ಕಡಿಯಬೇಕು. ಇದೆಲ್ಲ ನಡೆಯುವುದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಒಳಗೆ, ಅಂದರೆ ಸಿಂಹಬಾಲದ ಮಂಗಗಳ ಕಾಡಿನೊಳಗೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಪಂಪ್ಡ್ ಸ್ಟೋರೇಜ್ ಹೊಸದಾಗಿ ಕರೆಂಟು ಹುಟ್ಟಿಸುವುದಿಲ್ಲ. ಬೇರೆಲ್ಲೋ ಹುಟ್ಟಿದ ಕರೆಂಟನ್ನು ನೀರಿನ ರೂಪದಲ್ಲಿ ಎತ್ತಿಟ್ಟು ಆಮೇಲೆ ವಾಪಸ್ ಕೊಡುತ್ತದೆ. ನೀರು ಎತ್ತಲು 100 ಯೂನಿಟ್ ಖರ್ಚು ಮಾಡಿದರೆ ಸಂಜೆ ಕೈಗೆ ಬರುವುದು 75ರಿಂದ 80 ಯೂನಿಟ್. ಇದು ಈ ತಂತ್ರಜ್ಞಾನದ ಗುಣ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಸೋಲಾರ್ ಜಾಸ್ತಿಯಾದ ಕಾಲದಲ್ಲಿ ಇಂಥ ಸಂಗ್ರಹ ಬೇಕೇ ಬೇಕು ಎನ್ನುವುದನ್ನೂ ಒಪ್ಪುತ್ತೇನೆ. 2023ರ ಬರದಲ್ಲಿ ಕರೆಂಟಿಗೆ ರಾಜ್ಯ ಎಷ್ಟು ಪರದಾಡಿತು ಎಂದು ರೈತರಿಗೆ ಚೆನ್ನಾಗಿ ನೆನಪಿದೆ. ನಮ್ಮ ತಕರಾರು ಸಂಗ್ರಹದ ಬಗ್ಗೆ ಅಲ್ಲ, ಜಾಗದ ಬಗ್ಗೆ.

"ಹೊಸ ಅಣೆಕಟ್ಟು ಕಟ್ಟುವುದಿಲ್ಲ, ಹೊಸದಾಗಿ ಊರು ಮುಳುಗುವುದಿಲ್ಲ, ಇರುವ ಜಲಾಶಯಗಳನ್ನೇ ಬಳಸುತ್ತೇವೆ" ಎನ್ನುವ ಸಮರ್ಥನೆಯನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ನಿಜ, ಜಲಾಶಯಗಳು ಹಳೆಯವು. ಆದರೆ ಅವೆರಡರ ನಡುವೆ ಇರುವುದು ಖಾಲಿ ಜಾಗವಲ್ಲ. ಅಲ್ಲಿರುವುದು ಪಶ್ಚಿಮ ಘಟ್ಟದ ಕಡಿದಾದ ಇಳಿಜಾರು. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ಜಾಗ. ಮೇಲೆ ಜಂಬಿಟ್ಟಿಗೆ ಮಣ್ಣು, ಕೆಳಗೆ ಬಂಡೆ, ಎರಡನ್ನೂ ಹಿಡಿದಿಟ್ಟಿರುವುದು ಮರಗಳ ಬೇರು. ಸುರಂಗ ಕೊರೆಯಬೇಕಾದರೆ ಸಿಡಿಮದ್ದು ಬೇಕು. ಸಿಡಿಮದ್ದು ತರಲು, ಯಂತ್ರ ತರಲು ಅಗಲವಾದ ರಸ್ತೆ ಬೇಕು. ರಸ್ತೆಗೆ ಗುಡ್ಡದ ಬುಡ ಕಡಿಯಬೇಕು. ಒಳಗಿಂದ ತೆಗೆದ ಕಲ್ಲುಮಣ್ಣನ್ನು ಎಲ್ಲಾದರೂ ಸುರಿಯಬೇಕು. ಕರೆಂಟನ್ನು ಹೊರಗೆ ಸಾಗಿಸಲು ತಂತಿ ಎಳೆಯಬೇಕು, ತಂತಿಯ ಕೆಳಗೆ ಕಾಡು ಸವರಬೇಕು. ಮುಳುಗಡೆ ಇಲ್ಲ ಎಂದ ಮಾತ್ರಕ್ಕೆ ಹಾನಿ ಇಲ್ಲ ಎಂದಾಗುವುದಿಲ್ಲ.

ಗುಡ್ಡದ ಬುಡ ಕಡಿದರೆ ಏನಾಗುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಲಾರಿ ಎಲ್ಲ ಗಂಗಾವಳಿ ನದಿ ಪಾಲಾದವು. ಮಣ್ಣು ಬಿದ್ದ ರಭಸಕ್ಕೆ ನದಿಯ ನೀರು ಎದ್ದು ಆಚೆ ದಡದ ಉಳುವರೆ ಊರಿಗೂ ಬಡಿಯಿತು. ಕೇರಳದ ಚಾಲಕನೊಬ್ಬನ ಲಾರಿಯನ್ನು ನದಿಯಿಂದ ಎತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೂ ಮೂರು ವರ್ಷ ಮೊದಲು, 2021ರ ಜುಲೈ ಮಳೆಯಲ್ಲಿ, ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಅಡಿಕೆ ತೋಟಗಳು ಬುಡಸಮೇತ ಜಾರಿದವು. ಶಿರೂರಿಗೂ ಗೇರುಸೊಪ್ಪೆಗೂ ನಡುವೆ ಇರುವುದು ಒಂದೇ ಜಿಲ್ಲೆಯ ಕೆಲವು ತಾಲ್ಲೂಕುಗಳು. ಮಣ್ಣು ಅದೇ ಬಗೆಯದು, ಮಳೆಯೂ ಅದೇ ಬಗೆಯದು. ಒಂದು ರಸ್ತೆ ಅಗಲ ಮಾಡಿದ್ದಕ್ಕೇ ಹೀಗಾದರೆ, ಗುಡ್ಡದ ಹೊಟ್ಟೆಯೊಳಗೆ ವರ್ಷಗಟ್ಟಲೆ ಸಿಡಿಮದ್ದು ಸಿಡಿಸಿದರೆ ಏನಾದೀತು? ಏನೂ ಆಗುವುದಿಲ್ಲ ಎಂದು ಯಾವ ಧೈರ್ಯದ ಮೇಲೆ ಹೇಳುತ್ತೀರಿ?

ಹಿಮಾಲಯದ ಉದಾಹರಣೆ ಕೊಟ್ಟರೆ, "ಅಲ್ಲಿ ಹಿಮನದಿ ಇದೆ, ನಮ್ಮಲ್ಲಿ ಇಲ್ಲ" ಎನ್ನುತ್ತಾರೆ. ಸರಿ, ಇಲ್ಲ. ಆದರೆ ಅಲ್ಲಿಂದ ಕಲಿಯಬೇಕಾದದ್ದು ಹಿಮದ ಪಾಠ ಒಂದನ್ನೇ ಅಲ್ಲ. 2021ರ ಫೆಬ್ರುವರಿ 7ರಂದು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ಬಂಡೆ ಮತ್ತು ಮಂಜು ಜಾರಿ ಬಂದ ಪ್ರವಾಹ ಋಷಿಗಂಗಾ ಯೋಜನೆಯನ್ನು ಅಳಿಸಿಹಾಕಿತು. ಕೆಳಗೆ ಕಟ್ಟುತ್ತಿದ್ದ 520 ಮೆಗಾವಾಟಿನ ತಪೋವನ ಯೋಜನೆಯ ಸುರಂಗಕ್ಕೆ ಕೆಸರು ನುಗ್ಗಿತು. 200ಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಅವರಲ್ಲಿ ಹೆಚ್ಚಿನವರು ದೂರದ ಊರುಗಳಿಂದ ಕೂಲಿಗೆ ಬಂದಿದ್ದ ಕಾರ್ಮಿಕರು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ಲೊನಾಕ್ ಸರೋವರ ಒಡೆದು ತೀಸ್ತಾ ನದಿ ಉಕ್ಕಿತು. ಚುಂಗ್‌ಥಾಂಗ್‌ನಲ್ಲಿದ್ದ 60 ಮೀಟರ್ ಎತ್ತರದ ಅಣೆಕಟ್ಟು ಕೊಚ್ಚಿಹೋಯಿತು. 1200 ಮೆಗಾವಾಟಿನ ಯೋಜನೆ ಒಂದು ರಾತ್ರಿಯಲ್ಲಿ ನಿಂತುಹೋಯಿತು. ಅಣೆಕಟ್ಟಿನ ಹಿಂದೆ ನಿಂತಿದ್ದ ನೀರೂ ಸೇರಿಕೊಂಡು ಕೆಳಗಿನ ಊರುಗಳ ಮೇಲೆ ಇನ್ನಷ್ಟು ಜೋರಾಗಿ ಎರಗಿತು. ಸರೋವರ ಒಡೆಯುವ ಅಪಾಯದ ಬಗ್ಗೆ ವಿಜ್ಞಾನಿಗಳು ಮೊದಲೇ ಎಚ್ಚರಿಸಿದ್ದರು. ಎಚ್ಚರಿಕೆ ಕಡತದಲ್ಲಿ ಉಳಿಯಿತು, ಕಾಮಗಾರಿ ನದಿಯಲ್ಲಿ ಮುಂದುವರಿಯಿತು. ಮಲೆನಾಡಿನಲ್ಲಿ ಆಗಬಾರದು ಎಂದು ನಾನು ಹೆದರುವುದು ಇದೇ ಕ್ರಮಕ್ಕೆ.

ಅಣೆಕಟ್ಟಿನ ಕೆಳಗೆ ಬದುಕುವುದು ಹೇಗಿರುತ್ತದೆ ಎಂದು ಕಾಳಿ ನದಿ ದಡದವರನ್ನು ಕೇಳಿ. 2019ರಲ್ಲಿ ಮತ್ತು 2021ರಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿತು. ಒಂದು ಕಾಲದಲ್ಲಿ ಸೂಪಾ ಅಣೆಕಟ್ಟಿಗೆ, ಆಮೇಲೆ ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ಬಿಟ್ಟುಕೊಟ್ಟ ಉತ್ತರ ಕನ್ನಡ ಜಿಲ್ಲೆ ಅದು. ಅಲ್ಲಿನವರು ಮಳೆಗಾಲದಲ್ಲಿ ಆಕಾಶ ನೋಡುವುದಕ್ಕಿಂತ ಜಾಸ್ತಿ ಸಲ ಅಣೆಕಟ್ಟಿನ ನೀರಿನ ಮಟ್ಟ ಎಷ್ಟು ಅಂತ ಮೊಬೈಲ್‌ನಲ್ಲಿ ನೋಡುತ್ತಾರೆ.

ಇನ್ನು ಸಿಂಗಳೀಕದ ವಿಷಯ. "ಮಂಗಗಳಿಗಾಗಿ ಮನುಷ್ಯರ ಅಭಿವೃದ್ಧಿ ನಿಲ್ಲಿಸಬೇಕಾ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಸಮಾಧಾನದಿಂದಲೇ ಉತ್ತರ ಕೊಡಬೇಕು.

ಸಿಂಗಳೀಕ ಇಡೀ ಜಗತ್ತಿನಲ್ಲಿ ಪಶ್ಚಿಮ ಘಟ್ಟದಲ್ಲಿ ಮಾತ್ರ ಇದೆ. ಕರ್ನಾಟಕ, ಕೇರಳ, ತಮಿಳುನಾಡಿನ ಕೆಲವೇ ಕಾಡುಗಳಲ್ಲಿ. ಅವುಗಳ ನೆಲೆಯ ಉತ್ತರದ ತುದಿ ನಮ್ಮ ಶರಾವತಿ, ಅಘನಾಶಿನಿ ಕಣಿವೆಗಳು. ಇಲ್ಲಿ 700ರ ಆಸುಪಾಸು ಇವೆ ಎಂದು ಅಂದಾಜು. ಊರ ಮಂಗಗಳ ಹಾಗೆ ಇವು ಎಲ್ಲೆಂದರಲ್ಲಿ ಬದುಕುವುದಿಲ್ಲ. ಮರದಿಂದ ಮರಕ್ಕೆ ಹೋಗುತ್ತವೆ, ನೆಲಕ್ಕೆ ಇಳಿಯುವುದು ಬಹಳ ಕಡಿಮೆ. ನೆತ್ತಿಗೆ ನೆತ್ತಿ ತಾಗಿಕೊಂಡ ಕಾಡು ಅವುಗಳಿಗೆ ಬೇಕು. ವರ್ಷದ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಮರ ಹಣ್ಣು ಬಿಡುತ್ತದೆ, ಆ ಹಣ್ಣಿನ ಹಿಂದೆ ಗುಂಪು ಸಾಗುತ್ತದೆ. ನಡುವೆ ಒಂದು ಅಗಲ ರಸ್ತೆ ಅಥವಾ ವಿದ್ಯುತ್ ಮಾರ್ಗ ಬಂದರೆ ಗುಂಪು ಈ ಬದಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮರಿ ಹಾಕುವುದೂ ನಿಧಾನ, ಒಂದು ಮರಿಗೂ ಇನ್ನೊಂದಕ್ಕೂ ನಡುವೆ ವರ್ಷಗಳ ಅಂತರ. ಹಾಗಾಗಿ 54 ಹೆಕ್ಟೇರ್ ಎನ್ನುವ ಲೆಕ್ಕ ನಮಗೆ ಸಮಾಧಾನ ಕೊಡುವುದಿಲ್ಲ. ಕಾಡಿನಲ್ಲಿ ಎಷ್ಟು ಕಡಿದಿರಿ ಎನ್ನುವುದಕ್ಕಿಂತ ಎಲ್ಲಿ ಕಡಿದಿರಿ ಎನ್ನುವುದು ಮುಖ್ಯ.

ಇದೇ ಕಣಿವೆಯ ಹಳ್ಳಗಳ ಬದಿಯಲ್ಲಿ ರಾಮಪತ್ರೆ ಜಡ್ಡಿಗಳಿವೆ. ಹೊನ್ನಾವರದ ಕಡೆಗೆ ಘಟ್ಟ ಇಳಿಯುವವರು ಕತ್ತಲೆಕಾನಿನ ಹತ್ತಿರ ಗಾಡಿ ನಿಲ್ಲಿಸಿ ಒಮ್ಮೆ ನೋಡಿ. ವರ್ಷಪೂರ್ತಿ ನೀರು ನಿಲ್ಲುವ ಕೆಸರು, ಅದರಿಂದ ಮೇಲೆದ್ದು ಉಸಿರಾಡುವ ಬೇರುಗಳು. ಬಹಳ ಹಳೆಯ ಕಾಲದಿಂದ ಉಳಿದುಬಂದ ಕಾಡು ಎಂದು ವಿಜ್ಞಾನಿಗಳು ಹೇಳುತ್ತಾರೆ. ನಮಗೆ ಅದು ಹಳ್ಳವನ್ನು ಬೇಸಿಗೆಯಲ್ಲೂ ಬತ್ತದಂತೆ ಕಾಯುವ ಕಾಡು. ಕೆಳಗಿನ ತೋಟಗಳಿಗೆ ಬರುವ ನೀರು ಇಂಥ ಜಡ್ಡಿಗಳಿಂದಲೇ ಬರುತ್ತದೆ. ಇದಕ್ಕೆ ಬದಲಾಗಿ ಬೇರೆ ಕಡೆ ಗಿಡ ನೆಡುತ್ತೇವೆ ಎಂದರೆ ಏನು ಹೇಳುವುದು? ಬಯಲುಸೀಮೆಯ ಗೋಮಾಳದಲ್ಲಿ ನೆಟ್ಟ ಸಸಿ ಮಲೆನಾಡಿನ ಹಳ್ಳಕ್ಕೆ ನೀರು ಕೊಡುತ್ತದೆಯೇ?

ಕಾನೂನಿನ ಮಾತನ್ನೂ ಹೇಳಬೇಕು. 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯವನ್ನು ವಿಸ್ತರಿಸಿ, 930 ಚದರ ಕಿಲೋಮೀಟರ್ ಪ್ರದೇಶಕ್ಕೆ ಸಿಂಗಳೀಕದ ಹೆಸರಿಟ್ಟದ್ದು ರಾಜ್ಯ ಸರ್ಕಾರವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಸೆಕ್ಷನ್ ಓದಿ ನೋಡಿ. ಅಭಯಾರಣ್ಯದೊಳಗಿನ ಜೀವಿಗಳ ನೆಲೆಯನ್ನು ಹಾಳು ಮಾಡುವುದಕ್ಕೆ, ಅಲ್ಲಿನ ನೀರಿನ ಹರಿವನ್ನು ತಿರುಗಿಸುವುದಕ್ಕೆ ಅನುಮತಿ ಕೊಡಬೇಕಾದರೆ, ಅದರಿಂದ ವನ್ಯಜೀವಿಗಳಿಗೇ ಒಳ್ಳೆಯದಾಗಬೇಕು ಎಂದು ಆ ಸೆಕ್ಷನ್ ಹೇಳುತ್ತದೆ. 2000 ಮೆಗಾವಾಟಿನ ವಿದ್ಯುದಾಗಾರದಿಂದ ಸಿಂಗಳೀಕಕ್ಕೆ ಏನು ಒಳ್ಳೆಯದಾಗುತ್ತದೆ? 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಈ ಯೋಜನೆಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಆ ಒಪ್ಪಿಗೆಯಲ್ಲಿ ಈ ಪ್ರಶ್ನೆಗೆ ಉತ್ತರ ನಮಗೆ ಸಿಕ್ಕಿಲ್ಲ.

ಇದೇ ಪ್ರಾಣಿಯ ಕಾರಣಕ್ಕೆ ಒಂದು ಕಣಿವೆ ಉಳಿದ ಚರಿತ್ರೆ ನಮ್ಮ ಪಕ್ಕದ ರಾಜ್ಯದಲ್ಲೇ ಇದೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟುವುದಿತ್ತು. ಶಾಲಾ ಮೇಷ್ಟ್ರುಗಳು, ವಿಜ್ಞಾನಿಗಳು, ಕವಿಗಳು ಎಲ್ಲ ಸೇರಿ ವಿರೋಧಿಸಿದರು. ಆಗಲೂ "ಕರೆಂಟು ಬೇಡವೇ?" ಎಂದು ಕೇಳಿದವರಿದ್ದರು. 1983ರಲ್ಲಿ ಯೋಜನೆ ಕೈಬಿಟ್ಟರು, ಮರುವರ್ಷ ಅದು ರಾಷ್ಟ್ರೀಯ ಉದ್ಯಾನವಾಯಿತು. ಕೇರಳ ಅದರಿಂದ ಕತ್ತಲೆಯಲ್ಲಿ ಮುಳುಗಲಿಲ್ಲ. ನಮ್ಮಲ್ಲೂ ಇಂಥದ್ದು ನಡೆದಿದೆ. 1981ರಲ್ಲಿ ಶಿರಸಿಯ ತೋಟಗಾರರ ಸಹಕಾರಿ ಸಂಘ ವಿಜ್ಞಾನಿಗಳನ್ನು ಕರೆಸಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ ನಷ್ಟವನ್ನು ಜನರ ಮುಂದೆಯೇ ಚರ್ಚೆಗೆ ಇಟ್ಟಿತು. ಅಡಿಕೆ ಬೆಳೆಗಾರರೇ ಕೂತು ಲೆಕ್ಕ ಹಾಕಿದ ಮೇಲೆ ಆ ಯೋಜನೆ ನಿಂತಿತು. ಯೋಜನೆ ವಾಪಸ್ ತೆಗೆದುಕೊಂಡರೆ ಸರ್ಕಾರದ ಮಾನ ಹೋಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅದನ್ನು ನಂಬಬೇಡಿ.

ನದಿಯ ಇನ್ನೊಂದು ತುದಿಗೆ ಹೋಗೋಣ. ಘಟ್ಟದ ಮೇಲಿನ ನಾವು ಮರೆಯುವುದು, ಬೆಂಗಳೂರಿನವರಂತೂ ನೋಡದೇ ಇರುವುದು ಈ ತುದಿಯನ್ನು. ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಕಾಲಕ್ಕೆ ತಕ್ಕಂತೆ ಬೆರೆಯಬೇಕು. ಮಳೆಗಾಲದಲ್ಲಿ ಸಿಹಿ ಜಾಸ್ತಿ, ಬೇಸಿಗೆಯಲ್ಲಿ ಉಪ್ಪು ಜಾಸ್ತಿ. ಬಳಚು ಎನ್ನುವ ಚಿಪ್ಪಿನ ಜೀವಿ, ಸಿಗಡಿ, ಏಡಿ, ಅನೇಕ ಬಗೆಯ ಮೀನು, ಎಲ್ಲವೂ ಈ ಏರಿಳಿತಕ್ಕೆ ಹೊಂದಿಕೊಂಡು ಬದುಕುತ್ತವೆ. ಅಣೆಕಟ್ಟು ಬಂದ ಮೇಲೆ ವಿದ್ಯುದಾಗಾರದಿಂದ ಹೊರಬಿದ್ದ ಸಿಹಿನೀರು ವರ್ಷಪೂರ್ತಿ ಅಳಿವೆಗೆ ಹರಿಯತೊಡಗಿತು. ಉಪ್ಪಿನಂಶ ಇಳಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿ ಅಳಿವೆಯನ್ನೂ ಪಕ್ಕದ ಅಘನಾಶಿನಿ ಅಳಿವೆಯನ್ನೂ ಹೋಲಿಸಿ ನೋಡಿದ್ದಾರೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಅಲ್ಲಿ ಇಂದಿಗೂ ಸಾವಿರಾರು ಮನೆಗಳು ಬಳಚು ಹೆಕ್ಕಿ, ಮೀನು ಹಿಡಿದು ಬದುಕುತ್ತವೆ. ಶರಾವತಿಯಲ್ಲಿ ಚಿಪ್ಪಿನ ಜೀವಿಗಳೂ ಮೀನಿನ ಜಾತಿಗಳೂ ಕಡಿಮೆಯಾಗಿವೆ. ಎರಡು ನದಿಗಳ ಬಾಯಿಗಳ ನಡುವಿನ ದೂರ ತೀರಾ ಕಡಿಮೆ. ಆದರೂ ದಡದವರ ಅನ್ನದಲ್ಲಿ ಇಷ್ಟು ವ್ಯತ್ಯಾಸ.

ಅಣೆಕಟ್ಟು ಕಟ್ಟುವಾಗ ಹೊನ್ನಾವರದ ಮೀನುಗಾರ ಹೆಂಗಸರ ಹತ್ತಿರ ಯಾರೂ ಒಪ್ಪಿಗೆ ಕೇಳಿರಲಿಲ್ಲ. ಅವರು ಮುಳುಗಡೆಯವರೂ ಅಲ್ಲ, ಪರಿಹಾರದ ಪಟ್ಟಿಯಲ್ಲೂ ಇಲ್ಲ. ಬುಟ್ಟಿ ಹಗುರಾಯಿತು ಎಂದು ಅವರಿಗೆ ತಿಳಿದದ್ದು ನಿಧಾನವಾಗಿ, ವರ್ಷಗಳ ಮೇಲೆ. ಈಗ ಗೇರುಸೊಪ್ಪೆ ಜಲಾಶಯದಿಂದ ದಿನವೂ ನೀರು ಮೇಲಕ್ಕೆ ಹೋಗಿ ಕೆಳಗೆ ಬರುವುದಾದರೆ ಅಳಿವೆಗೆ ನೀರು ಯಾವಾಗ, ಎಷ್ಟು ಹರಿಯುತ್ತದೆ? ಬರಗಾಲದ ವರ್ಷದಲ್ಲಿ ಮೊದಲ ಪಾಲು ಯಾರಿಗೆ? ಯಂತ್ರಕ್ಕಾ, ಹೊನ್ನಾವರದ ಕುಡಿಯುವ ನೀರಿಗಾ, ದಡದ ತೋಟಗಳಿಗಾ? ನದಿ ಸೊರಗಿದರೆ ಉಪ್ಪುನೀರು ಒಳಕ್ಕೆ ಬಂದು ಬಾವಿ ಸೇರುತ್ತದೆ ಎನ್ನುವ ಭಯ ಅಲ್ಲಿನವರಿಗಿದೆ. ಜಾಸ್ತಿ ಸಿಹಿನೀರಿನಿಂದ ಬಳಚು ಹೋಯಿತು, ಕಡಿಮೆ ಸಿಹಿನೀರಿನಿಂದ ಬಾವಿ ಹೋದೀತು. ನದಿಯ ಕೀಲಿ ಯಂತ್ರದ ಕೈಗೆ ಹೋದಾಗ ಎರಡೂ ಕಡೆಯಿಂದ ಪೆಟ್ಟು ತಿನ್ನುವವರು ದಡದವರು. ಅದರ ಜೊತೆಗೆ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ಒಯ್ಯುವ ಮಾತೂ ಆಗಾಗ ಎದ್ದು ಬರುತ್ತದೆ. ಒಂದು ನದಿಯಿಂದ ಎಷ್ಟು ಕೆಲಸ ತೆಗೆಯುತ್ತೀರಿ ಸ್ವಾಮಿ?

ಈಗ ನನ್ನ ಅಮ್ಮನ ತವರಿನ ಕಡೆಯವರ ಮಾತು. ಇದನ್ನು ಹೇಳದೆ ಈ ಪತ್ರ ಮುಗಿಸಲಾರೆ.

ಹಿರೇಭಾಸ್ಕರ ಅಣೆಕಟ್ಟು ಬಂದಾಗ ಮೊದಲ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಎರಡನೆಯದು. ಸುಮಾರು 300 ಚದರ ಕಿಲೋಮೀಟರ್ ನೆಲ, ಸಮುದ್ರ ಮಟ್ಟದಿಂದ 1819 ಅಡಿ ಎತ್ತರದ ಒಳಗಿನ ಗದ್ದೆ, ತೋಟ, ಮನೆ, ದೇವಸ್ಥಾನ, ಬನ, ಎಲ್ಲ ನೀರಿನಡಿ ಹೋದವು. ದೀವರು, ಹವ್ಯಕರು, ಲಿಂಗಾಯತರು, ಜೈನರು, ಹಸಲರು, ಎಲ್ಲ ಜಾತಿಯವರೂ ಊರು ಬಿಟ್ಟರು. ಭೂಮಿ ಇದ್ದವರಿಗೆ ಅಷ್ಟೋ ಇಷ್ಟೋ ಪರಿಹಾರ ಸಿಕ್ಕಿತು. ಗೇಣಿದಾರರಿಗೆ, ಕೂಲಿಯವರಿಗೆ ಕೈಗೆ ಬಂದದ್ದು ಬಹಳ ಕಡಿಮೆ. ಲಾರಿಯಲ್ಲಿ ತುಂಬಿಕೊಂಡು ಬಂದು ಕಾಡಿನ ನಡುವೆ ಇಳಿಸಿ ಹೋದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಳೆಗಾಲದಲ್ಲಿ ಸೋಗೆ ಹೊದಿಸಿದ ಗುಡಿಸಲು, ಮಲೇರಿಯಾ, ಹಸಿವು. ದನಕರು ಹಳೇ ಊರಿನ ದಾರಿ ಹಿಡಿದು ವಾಪಸ್ ಹೋಗುತ್ತಿದ್ದವಂತೆ.

ಆ ನೀರಿನಿಂದ 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ತಿರುಗಿತು. ರಾಜ್ಯದ ಕಾರ್ಖಾನೆಗಳು ಎದ್ದವು, ಬೆಂಗಳೂರು ಬೆಳೆಯಿತು. ಅದರ ಬಗ್ಗೆ ನಮಗೆ ಹೆಮ್ಮೆ ಇಲ್ಲ ಎಂದಲ್ಲ. ಆದರೆ ಹಿನ್ನೀರಿನ ಎಷ್ಟೋ ಹಳ್ಳಿಗಳಿಗೆ ಕರೆಂಟು ಬಂದದ್ದು ದಶಕಗಳ ನಂತರ. ನೀರಿನಿಂದಾಗಿ ದ್ವೀಪದಂತಾದ ತುಮರಿ ಕಡೆಯವರು ಆಸ್ಪತ್ರೆಗೆ, ಕಾಲೇಜಿಗೆ, ಹೆರಿಗೆಗೆ ಲಾಂಚ್ ಕಾಯುತ್ತಿದ್ದರು. ಸಂಜೆ ಲಾಂಚ್ ನಿಂತ ಮೇಲೆ ಯಾರಿಗಾದರೂ ಹೊಟ್ಟೆನೋವು ಬಂದರೆ ದೇವರೇ ಗತಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈನಲ್ಲಿ. ಅಣೆಕಟ್ಟು ಮುಗಿದು 61 ವರ್ಷದ ಮೇಲೆ.

ಎಲ್ಲಕ್ಕಿಂತ ನೋವಿನ ಸಂಗತಿ ಹಕ್ಕುಪತ್ರದ್ದು. ಮುಳುಗಡೆಯವರಿಗೆ ಕೊಟ್ಟ ಜಾಗ ಆಗ ಅರಣ್ಯ ಭೂಮಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಅನುಮತಿ ಇಲ್ಲದೆ ಅದನ್ನು ಅರಣ್ಯದಿಂದ ಬಿಡಿಸುವ ಹಾಗಿಲ್ಲ. ರಾಜ್ಯ ಸರ್ಕಾರ ಅನುಮತಿ ಇಲ್ಲದೆ ಹೊರಡಿಸಿದ ಡಿನೋಟಿಫಿಕೇಶನ್ ಆದೇಶಗಳು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಹಾಗಾಗಿ ಸರ್ಕಾರವೇ ಕರೆದುಕೊಂಡು ಬಂದು ಕೂರಿಸಿದ ಜಾಗದಲ್ಲಿ, ಮೂರನೇ ತಲೆಮಾರಿನವರು ಇಂದಿಗೂ ಒತ್ತುವರಿದಾರರ ಹಾಗೆ ಬದುಕುತ್ತಿದ್ದಾರೆ. ಬ್ಯಾಂಕಿನಲ್ಲಿ ಸಾಲ ಸಿಗುವುದಿಲ್ಲ. ಮಗಳ ಮದುವೆಗೆ ಒಂದು ಗುಂಟೆ ಮಾರುವ ಹಾಗಿಲ್ಲ. ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷದವರೂ ಬಂದು ಮೂಗಿಗೆ ತುಪ್ಪ ಸವರಿ ಹೋಗುತ್ತಾರೆ.

ಮುಳುಗಡೆಯವನಿಗೆ ಎರಡು ಎಕರೆ ಬಿಟ್ಟುಕೊಡಲು ಅರಣ್ಯ ಕಾಯ್ದೆ ಅಡ್ಡ ಬರುತ್ತದೆ. ಅಭಯಾರಣ್ಯದ ಒಳಗೆ ಸುರಂಗ ತೋಡಲು ಅದೇ ಕಾಯ್ದೆಯಲ್ಲಿ ದಾರಿ ಹುಡುಕುತ್ತೀರಿ. ಕೇಂದ್ರದ ಕಚೇರಿಗಳಿಗೆ ಈ ಯೋಜನೆಯ ಕಡತ ಹಿಡಿದುಕೊಂಡು ಎಷ್ಟು ಸಲ ಓಡಾಡಿದ್ದೀರೋ, ಅದರ ಅರ್ಧದಷ್ಟು ಸಲ ಹಕ್ಕುಪತ್ರದ ಕಡತ ಹಿಡಿದು ಓಡಾಡಿದ್ದರೆ ಸಾಕಿತ್ತು. ಹಳೇ ಸಾಲ ತೀರಿಸದವನು ಅದೇ ಮನೆಯ ಬಾಗಿಲಿಗೆ ಹೊಸ ಸಾಲ ಕೇಳಲು ಬಂದ ಹಾಗಿದೆ ಇದು.

2025ರ ಸೆಪ್ಟೆಂಬರ್‌ನಲ್ಲಿ ಸಾಗರ ಮತ್ತು ಹೊನ್ನಾವರ ತಾಲ್ಲೂಕುಗಳಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. ಘಟ್ಟದ ಮೇಲಿನವರೂ ಕೆಳಗಿನವರೂ ಮಳೆಯ ದಿನಗಳಲ್ಲೇ ದೊಡ್ಡ ಸಂಖ್ಯೆಯಲ್ಲಿ ಬಂದು ಬೇಡ ಎಂದರು. ರೈತರು, ಮೀನುಗಾರರು, ಮಠದ ಸ್ವಾಮಿಗಳು, ವಿದ್ಯಾರ್ಥಿಗಳು, ಬೇರೆ ಬೇರೆ ಪಕ್ಷದವರು. ಬೇರೆ ವಿಷಯದಲ್ಲಿ ಒಬ್ಬರ ಮುಖ ಒಬ್ಬರು ನೋಡದವರೂ ಅಲ್ಲಿ ಒಂದೇ ಮಾತು ಆಡಿದರು. ಅದಕ್ಕೆ "ಜನರಿಗೆ ತಪ್ಪು ಮಾಹಿತಿ ಹೋಗಿದೆ" ಎನ್ನುವ ಉತ್ತರ ಸಾಲದು. ಸರಿ ಮಾಹಿತಿ ಕೊಡುವ ಕೆಲಸ ಯಾರದು? ನೂರಾರು ಪುಟದ ತಾಂತ್ರಿಕ ವರದಿ ಇಂಗ್ಲಿಷಿನಲ್ಲಿದ್ದರೆ ಬೇಗೋಡಿಯ ರೈತ ಹೇಗೆ ಓದಬೇಕು?

ಬದಲಿ ದಾರಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಪಂಪ್ಡ್ ಸ್ಟೋರೇಜ್‌ಗೆ ನದಿಯೇ ಬೇಕೆಂದಿಲ್ಲ. ಎತ್ತರ ತಗ್ಗು ಇರುವ ಒಣ ಪ್ರದೇಶದಲ್ಲಿ ಎರಡು ಕೆರೆ ಕಟ್ಟಿ, ಒಮ್ಮೆ ನೀರು ತುಂಬಿಸಿ, ಅದನ್ನೇ ಮೇಲೆ ಕೆಳಗೆ ಆಡಿಸಬಹುದು. ಆಂಧ್ರದ ಕರ್ನೂಲು ಕಡೆಯ ಪಿನ್ನಾಪುರಂ ಯೋಜನೆ ಹೀಗೆ ನದಿಯಿಂದ ಹೊರಗೆ ಕಟ್ಟಿದ್ದು, 1680 ಮೆಗಾವಾಟಿನದು. ನಮ್ಮ ಬಯಲುಸೀಮೆಯಲ್ಲೂ ಗುಡ್ಡಗಳಿವೆ, ಕೆಲಸ ಮುಗಿದ ಗಣಿ ಗುಂಡಿಗಳಿವೆ. ಅಲ್ಲಿಯೂ ಜನ ಇದ್ದಾರೆ, ಅವರನ್ನೂ ಕೇಳಿಯೇ ಮಾಡಬೇಕು, ಅದು ಬೇರೆ ಮಾತು. 2050 ಮೆಗಾವಾಟಿನ ಪಾವಗಡದ ಸೋಲಾರ್ ಪಾರ್ಕ್ ಇರುವುದೂ ಬಯಲುಸೀಮೆಯಲ್ಲೇ. ಅದರ ಹತ್ತಿರವೇ ದೊಡ್ಡ ಬ್ಯಾಟರಿ ಸಂಗ್ರಹ ಇಟ್ಟರೆ ಕರೆಂಟನ್ನು ಘಟ್ಟಕ್ಕೆ ತಂದು ಮತ್ತೆ ಘಟ್ಟದಿಂದ ಒಯ್ಯುವ ಗೋಜು ಇರುವುದಿಲ್ಲ. ಬ್ಯಾಟರಿಯ ಬೆಲೆ ಕೆಲವು ವರ್ಷಗಳಿಂದ ಇಳಿಯುತ್ತಲೇ ಇದೆ. ಸುರಂಗ ಕೊರೆದು ಮುಗಿಸುವ ಹೊತ್ತಿಗೆ ಎಷ್ಟಾಗಿರುತ್ತದೋ. ಇನ್ನೊಂದು, ಈಗಿರುವ ಶರಾವತಿ ವಿದ್ಯುದಾಗಾರವನ್ನೇ ಹಗಲು ಕಡಿಮೆ ಓಡಿಸಿ, ಸಂಜೆಗೆ ನೀರು ಉಳಿಸಿಟ್ಟು ಜಾಸ್ತಿ ಓಡಿಸಿದರೆ ಸಂಜೆಯ ಕೊರತೆ ಎಷ್ಟು ತುಂಬುತ್ತದೆ? ಈ ಲೆಕ್ಕವನ್ನು ಜನರ ಮುಂದೆ ಇಟ್ಟಿದ್ದೀರಾ?

ಪಶ್ಚಿಮ ಘಟ್ಟದ ಬಗ್ಗೆ 2011ರಲ್ಲಿ ಗಾಡ್ಗೀಳ್ ಸಮಿತಿ ವರದಿ ಕೊಟ್ಟಿತು. ಅತಿ ಸೂಕ್ಷ್ಮ ವಲಯದಲ್ಲಿ ಹೊಸ ದೊಡ್ಡ ಅಣೆಕಟ್ಟು ಬೇಡ ಎಂದಿತು. ಅದರಲ್ಲಿ ಎಲ್ಲವನ್ನೂ ಮಲೆನಾಡಿನ ರೈತರು ಒಪ್ಪಿಲ್ಲ, ನನಗೂ ಕೆಲವು ಅನುಮಾನಗಳಿವೆ. ಆಮೇಲೆ ಬಂದ ಕಸ್ತೂರಿರಂಗನ್ ವರದಿಯನ್ನು ರಾಜ್ಯ ಸರ್ಕಾರ ತಿರಸ್ಕರಿಸಿದಾಗ ರೈತರ ಬದುಕಿಗೆ ತೊಂದರೆ ಆಗುತ್ತದೆ ಎಂದು ಕಾರಣ ಹೇಳಿತು. ಆದರೆ ರೈತರು ಆ ವರದಿ ಬೇಡ ಎಂದದ್ದು ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಉಳಿಸಿಕೊಳ್ಳಲು, ಮನೆ ಕಟ್ಟಿಕೊಳ್ಳಲು. ಘಟ್ಟವನ್ನು ಸಿಡಿಸಲು ಯಾರೂ ಅನುಮತಿ ಕೊಟ್ಟಿಲ್ಲ. ರೈತರ ಹೆಸರಿನಲ್ಲಿ ಸಿಕ್ಕ ವಿನಾಯಿತಿಯನ್ನು ಕಾಮಗಾರಿಗೆ ಬಳಸಬೇಡಿ.

ನಾವು ಕೇಳುವುದು ಇಷ್ಟು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಅರಣ್ಯ ಮತ್ತು ಪರಿಸರ ಅನುಮತಿ ಕೋರಿ ಕೇಂದ್ರಕ್ಕೆ ಕಳಿಸಿದ ಪ್ರಸ್ತಾವವನ್ನು ವಾಪಸ್ ಪಡೆಯಿರಿ. ಸಂಗ್ರಹಕ್ಕೆ ಬೇರೆ ಜಾಗ, ಬೇರೆ ವಿಧಾನ ಹುಡುಕಿ, ಅವುಗಳ ಖರ್ಚುವೆಚ್ಚವನ್ನು ಕನ್ನಡದಲ್ಲಿ ಪ್ರಕಟಿಸಿ. ಶರಾವತಿ ಹುಟ್ಟುವ ಅಂಬುತೀರ್ಥದಿಂದ ಹೊನ್ನಾವರದ ಅಳಿವೆಯವರೆಗೆ ಇಡೀ ನದಿಯ ಮೇಲೆ ಈಗಾಗಲೇ ಆಗಿರುವ ಪರಿಣಾಮವನ್ನು ಸ್ವತಂತ್ರ ವಿಜ್ಞಾನಿಗಳಿಂದ ಅಧ್ಯಯನ ಮಾಡಿಸಿ. ವರಾಹಿ ನದಿಯಲ್ಲೂ ಇಂಥದ್ದೇ ಪಂಪ್ಡ್ ಸ್ಟೋರೇಜ್ ಪ್ರಸ್ತಾವ ಇರುವುದರಿಂದ ಘಟ್ಟದ ಎಲ್ಲ ನದಿಗಳಿಗೂ ಇದು ಅನ್ವಯವಾಗಲಿ. ಮುಳುಗಡೆ ಕುಟುಂಬಗಳ ಹಕ್ಕುಪತ್ರಕ್ಕೆ ಕೇಂದ್ರದಿಂದ ಕಾನೂನುಬದ್ಧ ಅನುಮತಿ ತನ್ನಿ. ಅದಕ್ಕೆ ದಿನಾಂಕ ಗೊತ್ತುಮಾಡಿ, ವಿಧಾನಸಭೆಯಲ್ಲಿ ಹೇಳಿ. ಅಹವಾಲು ಸಭೆಗಳಲ್ಲಿ ಜನ ಕೊಟ್ಟ ಪ್ರತಿಯೊಂದು ಲಿಖಿತ ಆಕ್ಷೇಪಕ್ಕೂ ಲಿಖಿತ ಉತ್ತರ ಕೊಡಿ. ಆ ಉತ್ತರಗಳು ಕಾರ್ಗಲ್, ಗೇರುಸೊಪ್ಪೆ, ನಗರಬಸ್ತಿಕೇರಿ ಗ್ರಾಮ ಪಂಚಾಯಿತಿಗಳಲ್ಲಿ ಎಲ್ಲರೂ ಓದುವ ಹಾಗೆ ಸಿಗಲಿ.

ನೀವು ಒಮ್ಮೆ ಇಲ್ಲಿಗೆ ಬನ್ನಿ. ಜೋಗಕ್ಕೆ ಬಂದು ಫೋಟೊ ತೆಗೆಸಿಕೊಂಡು ಹೋಗುವ ಭೇಟಿ ಬೇಡ. ಹಕ್ಕುಪತ್ರ ಇಲ್ಲದ ಮುಳುಗಡೆ ಊರಿನಲ್ಲಿ ಒಂದು ಬೆಳಿಗ್ಗೆ, ಹೊನ್ನಾವರದ ಅಳಿವೆ ದಡದಲ್ಲಿ ಒಂದು ಸಂಜೆ ಕೂತು ಜನರ ಮಾತು ಕೇಳಿ. ಅಧಿಕಾರಿಗಳು ಜೊತೆಗಿರಲಿ, ಆದರೆ ಮಾತಾಡುವುದು ಊರವರಾಗಿರಲಿ. ಉತ್ತರಕ್ಕಾಗಿ ಕಾಯುತ್ತಿರುತ್ತೇವೆ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ